ಸ್ಕಾರ್ಫ್ ಕಟ್ಟಿಕೊಂಡು ಹೋದ ಊರುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೊಡಗಿನ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ನಾವು ಹೋಗುತ್ತೇವೆ, ಅರಮನೆ, ಸೇತುವೆ ನೋಡಿಕೊಂಡು ಬರುತ್ತೇವೆ. ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೊರಟಾಗ ನಾನು ಕಾಫಿಪುಡಿ, ಕಾಳುಮೆಣಸು, ಅಂಟಿನುಂಡೆಯ ಜೊತೆ ನನ್ನ ಗೈಡ್ ಸ್ಕಾರ್ಫನ್ನೂ ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡೆ. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಗೈಡ್ ಕ್ಯಾಪ್ಟನ್, ಅಂದರೆ ಸ್ಕೌಟ್ಸ್-ಗೈಡ್ಸ್‌ನ ಹುಡುಗಿಯರ ದಳ ನಡೆಸುವ ಟೀಚರ್, ಆಗಿದ್ದವಳು ನಾನು. "ಅಮ್ಮಾ, ಇದ್ಯಾಕೆ?" ಅಂದಳು ಮಗಳು. "ಬ್ರೌನ್‌ಸೀಗೆ ಹೋಗ್ಬೇಕು" ಅಂದೆ. ಮೊಟ್ಟಮೊದಲ ಸ್ಕೌಟ್ ಶಿಬಿರ ನಡೆದ ದ್ವೀಪ ಅದು.

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ರೈಲಿನಲ್ಲಿ ಎರಡು ಗಂಟೆಯ ಮೇಲಾಗುತ್ತದೆ, ಪೂಲ್ ಎಂಬ ಬಂದರು ಊರಿಗೆ. ಅಲ್ಲಿಂದ ದೋಣಿ. ಚಳಿಗಾಲದಲ್ಲಿ ಪ್ರವಾಸಿಗರಿಗೆ ದ್ವೀಪ ಮುಚ್ಚಿರುತ್ತದೆ, ಹೋಗುವವರು ವಿಚಾರಿಸಿಕೊಂಡು ಹೊರಡಿ. ದ್ವೀಪದ ತುಂಬ ಪೈನ್ ಮರ, ಕೆಂಪು ಅಳಿಲು. ನಮ್ಮ ಕೆಂಜಳಿಲಿನಷ್ಟು ದೊಡ್ಡದಲ್ಲ, ಕಿವಿಯ ತುದಿಯಲ್ಲಿ ಕೂದಲ ಕುಚ್ಚಿರುವ ಪುಟ್ಟ ಜೀವ. ಶಿಬಿರ ನಡೆದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ, ಅದರಾಚೆಗೆ ಹುಲ್ಲುಬಯಲು, ಕೆಳಗೆ ನೀರು. ಅಷ್ಟೇ. ಇನ್ನೇನನ್ನೋ ಹುಡುಕಿ ಹೋದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ನಾನು ಮಾತ್ರ ಆ ಕಲ್ಲಿನ ಹತ್ತಿರ ಒಂದು ಗಂಟೆ ಕೂತಿದ್ದೆ.

1907ರ ಆಗಸ್ಟ್ ಮೊದಲ ವಾರ. ನಮ್ಮಲ್ಲಾದರೆ ಕಕ್ಕಡದ ಮಳೆ, ಹೆಜ್ಜೆಗೊಂದು ಜಿಗಣೆ, ಶಿಬಿರದ ಮಾತೇ ಇಲ್ಲ. ಅಲ್ಲಿ ಅದು ಬೇಸಿಗೆ. ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಸುಮಾರು 20 ಹುಡುಗರನ್ನು ಕರೆದುಕೊಂಡು ಬಂದು ಡೇರೆ ಹಾಕಿದರು. ಅರ್ಧದಷ್ಟು ಮಕ್ಕಳು ಈಟನ್, ಹ್ಯಾರೋದಂಥ ಶ್ರೀಮಂತರ ಶಾಲೆಗಳವರು. ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಸಾಧಾರಣ ಮನೆಗಳವರು. ಆ ಕಾಲದ ಇಂಗ್ಲೆಂಡಿನಲ್ಲಿ ಈ ಎರಡು ಬಗೆಯ ಮಕ್ಕಳು ಒಟ್ಟಿಗೆ ಕೂತು ಉಣ್ಣುತ್ತಿರಲಿಲ್ಲ. ಅವರನ್ನು ಬೆರೆಸಿ ತೋಳ, ಗೂಳಿ, ಕಾಗೆ, ಕಡಲಹಕ್ಕಿ ಎಂದು ನಾಲ್ಕು ಪೆಟ್ರೋಲ್, ಅಂದರೆ ಪುಟ್ಟ ತಂಡ, ಮಾಡಿದರು, ಹೆಗಲಿಗೆ ಒಂದೊಂದು ಬಣ್ಣದ ಕುಚ್ಚು. ಬೆಳಗ್ಗೆ ಎಬ್ಬಿಸಲು ಆಫ್ರಿಕದಿಂದ ತಂದಿದ್ದ ಕೂಡು ಎಂಬ ಹುಲ್ಲೆಯ ತಿರುಚಿದ ಕೊಂಬು ಊದುತ್ತಿದ್ದರಂತೆ. ಕೊಂಬು ಕೊಟ್ಟು ವಾಲಗ ಕೇಳಿ ಬೆಳೆದ ನಮಗೆ ಆ ದನಿ ಹೇಗಿದ್ದೀತು ಎಂದು ಊಹಿಸುವುದು ಕಷ್ಟವಲ್ಲ.

ಅಲ್ಲಿ ಕೂತಾಗ ನನಗೆ ನೆನಪಾದದ್ದು ನನ್ನ ಮೊದಲ ಶಿಬಿರ. ಹುತ್ತರಿ ಕಳೆದು, ಕಾಫಿ ಕುಯ್ಲು ಶುರುವಾಗುವ ಹೊತ್ತು. ಒಂದು ಡೇರೆಯಲ್ಲಿ ತೋಟದ ಮಾಲೀಕರ ಮಗಳು, ಅದೇ ತೋಟದ ಕೆಲಸಗಾರರ ಲೈನ್‌ಮನೆಯ ಹುಡುಗಿ, ಇನ್ನೂ ನಾಲ್ವರು. ಶಿಬಿರಕ್ಕೆ ಮೊದಲು ಒಬ್ಬ ಪೋಷಕರು ಬಂದು "ಟೀಚರ್, ಮಗಳನ್ನು ಬೇರೆ ಡೇರೆಗೆ ಹಾಕಿ" ಎಂದಿದ್ದರು. ಆಗುವುದಿಲ್ಲ ಎಂದೆ, ಕೈಕಾಲು ನಡುಗುತ್ತಿತ್ತು, ಕೆಲಸಕ್ಕೆ ಸೇರಿ ಎರಡೇ ವರ್ಷ ನನಗೆ. ಮರುದಿನ ಮುಂಜಾನೆ ಇಬ್ಬನಿಗೆ ಸೌದೆಯೆಲ್ಲ ಒದ್ದೆ. ಧಣಿಗಳ ಮಗಳು ಬೆಂಕಿಕಡ್ಡಿ ಗೀರಿ ಗೀರಿ ಅರ್ಧ ಪೊಟ್ಟಣ ಮುಗಿಸಿದಳು. ಲೈನ್‌ಮನೆಯ ಹುಡುಗಿ ಸಿಲ್ವರ್ ಮರದ ಒಣಗಿದ ಎಲೆ ಹುಡುಕಿ ತಂದಳು, ತೆಳ್ಳಗೆ ಸೀಳಿದ ಪುರಲೆ ಅದರ ಮೇಲಿಟ್ಟಳು, ನೆಲಕ್ಕೆ ಕೆನ್ನೆ ಒತ್ತಿ ಮೂರು ಸಲ ಊದಿದಳು. ಒಲೆ ಹತ್ತಿಕೊಂಡಿತು. "ನಂಗೂ ಹೇಳ್ಕೊಡೇ" ಎಂದು ಇನ್ನೊಬ್ಬಳು ಪಕ್ಕದಲ್ಲೇ ಮಲಗಿಬಿಟ್ಟಳು. ಇಬ್ಬರ ಮೂಗಿನ ಮೇಲೂ ಬೂದಿ.

ಆದರೆ ಡೇರೆಯ ಬಾಗಿಲು ಎಲ್ಲರಿಗೂ ತಾನಾಗಿ ತೆರೆಯಲಿಲ್ಲ. 1909ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸ್ಕೌಟ್ ದಳ ಶುರುವಾದಾಗ ಅದರಲ್ಲಿ ಭಾರತೀಯ ಮಕ್ಕಳಿಗೆ ಜಾಗವಿರಲಿಲ್ಲ. ಆನಿ ಬೆಸೆಂಟ್ ಮದರಾಸಿನಲ್ಲಿ ನಮ್ಮ ಮಕ್ಕಳಿಗೆಂದೇ ಬೇರೆ ಸಂಘ ಕಟ್ಟಬೇಕಾಯಿತು. ಸ್ಕೌಟ್ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು.

ಹೆಣ್ಣುಮಕ್ಕಳ ಕಥೆಯೂ ಹಾಗೆಯೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನಕ್ಕೆ ನಾನು ಹೋದದ್ದು ಅದಕ್ಕಾಗಿ. ಗಾಜಿನ ಅರಮನೆ 1936ರಲ್ಲಿ ಸುಟ್ಟುಹೋಗಿದೆ, ಈಗ ಉಳಿದಿರುವುದು ಮೆಟ್ಟಿಲು, ಕಟ್ಟೆ, ಕಲ್ಲಿನ ಸ್ಫಿಂಕ್ಸ್‌ಗಳು. 1909ರ ಸೆಪ್ಟೆಂಬರ್ 4ರಂದು ಸಾವಿರಾರು ಹುಡುಗರು ಅಲ್ಲಿ ಸೇರಿದ್ದಾಗ ಕೆಲವು ಹುಡುಗಿಯರು, ಯಾರೂ ಕರೆಯದೆ, ತಾವೇ ಸ್ಕೌಟ್ ಟೊಪ್ಪಿ ಹಾಕಿಕೊಂಡು ಬಂದು ನಾವೂ ಸ್ಕೌಟ್‌ಗಳೇ ಎಂದರು. ಮರುವರ್ಷವೇ ಗರ್ಲ್ ಗೈಡ್ಸ್ ಹುಟ್ಟಿತು. ಆ ಮೆಟ್ಟಿಲ ಮೇಲೆ ನಾನು ಮೊಮ್ಮಗಳನ್ನು ಎತ್ತಿಕೊಂಡು ನಿಂತೆ. ಅವಳಿಗೆ ಆಗ ಮೂರು ತಿಂಗಳು.

ಗಿಲ್‌ವೆಲ್ ಪಾರ್ಕ್ ಲಂಡನ್ನಿನ ಅಂಚಿನಲ್ಲೇ ಇದೆ, ಎಪ್ಪಿಂಗ್ ಕಾಡಿನ ಮಗ್ಗುಲಲ್ಲಿ. 1919ರಲ್ಲಿ ಮ್ಯಾಕ್ಲಾರೆನ್ ಎಂಬ ಸ್ಕಾಟ್ಲೆಂಡಿನ ದಾನಿ ಕೊಟ್ಟ ಹಣದಿಂದ ಕೊಂಡ ಜಾಗ. ಆ ಸೆಪ್ಟೆಂಬರಿನಲ್ಲೇ ಅಲ್ಲಿ ಮೊದಲ ಉಡ್ ಬ್ಯಾಡ್ಜ್ ತರಬೇತಿ, ಅಂದರೆ ದಳ ನಡೆಸುವ ದೊಡ್ಡವರಿಗೆ ಕೊಡುವ ತರಬೇತಿ, ನಡೆಯಿತು. ಉಡ್ ಬ್ಯಾಡ್ಜ್ ಪಡೆದವರ ಸ್ಕಾರ್ಫಿನ ಹಿಂದೆ ಚೌಕಳಿ ಬಟ್ಟೆಯ ತುಂಡೊಂದಿರುತ್ತದಲ್ಲ, ಅದು ಆ ಮ್ಯಾಕ್ಲಾರೆನ್ ಮನೆತನದ ಗುರುತು. ಅಂಗಳದಲ್ಲಿ ಕಂಚಿನ ಕಾಡುಕೋಣವೊಂದಿದೆ, ನಮ್ಮ ನಾಗರಹೊಳೆಯ ಕಾಟಿಗೆ ಗಡ್ಡ ಬೆಳೆದ ಹಾಗೆ. ಮಂಜಿನಲ್ಲಿ ದಾರಿ ತಪ್ಪಿದ ಅಮೆರಿಕನ್ನನೊಬ್ಬನಿಗೆ ದಾರಿ ತೋರಿಸಿ, ಕಾಸು ಬೇಡವೆಂದು, ಹೆಸರೂ ಹೇಳದೆ ಹೋದನೆನ್ನುವ ಲಂಡನ್ನಿನ ಹುಡುಗನ ನೆನಪಿಗೆ ಅಮೆರಿಕದ ಸ್ಕೌಟ್‌ಗಳು ಕೊಟ್ಟದ್ದು. ಅಲ್ಲಿ ಒಬ್ಬ ಅಜ್ಜ ನನ್ನ ಸ್ಕಾರ್ಫ್ ನೋಡಿ ಸುಮ್ಮನೆ ಎಡಗೈ ಚಾಚಿದರು. ನಾನೂ ಎಡಗೈ ಕೊಟ್ಟೆ. ನಮ್ಮೂರಲ್ಲಿ ಎಡಗೈ ನೀಡಿದರೆ ಹಿರಿಯರು ಬೈಯುತ್ತಾರೆ. ಆದರೆ ಗುರಾಣಿ ಹಿಡಿಯುವ ಕೈ ಅದು, ಗುರಾಣಿ ಕೆಳಗಿಟ್ಟರೆ ಮಾತ್ರ ಚಾಚಲು ಬರುತ್ತದೆ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಊರು, ಹೆಸರು ಕೇಳುವ ಮೊದಲೇ ನಾವಿಬ್ಬರೂ ಪರಿಚಿತರಾಗಿದ್ದೆವು.

ಕೀನ್ಯಾದ ನ್ಯೇರಿಗೆ ನಾನು ಹೋಗಿಲ್ಲ. ಬೇಡನ್ ಪೊವೆಲ್ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿ, 1941ರ ಜನವರಿ 8ರಂದು ತೀರಿಕೊಂಡದ್ದೂ ಅಲ್ಲೇ. ನಮ್ಮ ಜಿಮ್ ಕಾರ್ಬೆಟ್ ಮುಂದೆ ಅದೇ ಮನೆಯಲ್ಲಿದ್ದರು, ಮಲಗಿರುವುದೂ ಅದೇ ಚರ್ಚಿನ ಅಂಗಳದಲ್ಲಿ. ನ್ಯೇರಿ ಕಾಫಿ ಬೆಳೆಯುವ ನಾಡು. ಆ ದಿನ ಒಲೆ ಹಚ್ಚಲು ಬಾರದಿದ್ದ ಹುಡುಗಿ ಈಗ ತೋಟ ನೋಡಿಕೊಳ್ಳುತ್ತಾಳೆ. ಅಲ್ಲಿಯ ಕಾಫಿ ನೋಡಲು ಹೋದವಳು ಸಮಾಧಿಯ ಫೋಟೋ ಕಳಿಸಿದ್ದಳು. ಕಲ್ಲಿನ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕೆ. ಜಾಡು ಹಿಡಿಯುವ ಆಟದಲ್ಲಿ ತೋಟದ ದಾರಿಯ ಕೊನೆಗೆ ನಾವು ಬೆಣಚುಕಲ್ಲು ಜೋಡಿಸಿ ಮಾಡುತ್ತಿದ್ದ ಗುರುತು ಅದು: ಮನೆಗೆ ಹೋಗಿದ್ದೇನೆ. ಫೋಟೋದ ಕೆಳಗೆ ಅವಳು ಬರೆದಿದ್ದಳು, "ಟೀಚರ್, ಕಲ್ಲಿನ ಮೇಲೆ ಹೆಸರು ಇಲ್ಲದಿದ್ರೂ ನಾನು ಓದ್ತಿದ್ದೆ."

ನಮಸ್ಕಾರ.