ರೇಡಿಯೇಟರ್ ತೂತು ಮಾಡುವ ಕಲ್ಲು ಎಲ್ಲಿಂದ ಬರುತ್ತದೆ?

(ಮೇಜಿನ ಮೇಲೆ ಹಳೆಯ ರೇಡಿಯೇಟರ್. ಕ್ಯಾಮೆರಾ ತೀರಾ ಹತ್ತಿರ.)

ನಮಸ್ಕಾರ. ಮೊದಲು ಈ ಜಾಗ ನೋಡಿ. ಇಲ್ಲಿ, ನನ್ನ ಬೆರಳ ತುದಿಯ ಪಕ್ಕ. ಎಳ್ಳುಕಾಳಿನಷ್ಟು ಒಂದು ತೂತು. ಸುತ್ತ ಹಸಿರು ಪುಡಿ ಒಣಗಿ ಅಂಟಿಕೊಂಡಿದೆ, ಅಲ್ವಾ? ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೋರಿ, ಅದರಲ್ಲಿದ್ದ ನೀರು ಬಿಸಿಗೆ ಆವಿಯಾಗಿ ಹೋದ ಮೇಲೆ ಉಳಿದ ಕಲೆ ಅದು. ಇದು ನನ್ನ ಕಾರಿನದೇ ರೇಡಿಯೇಟರ್. ಈ ಎಳ್ಳುಕಾಳಿನ ತೂತಿನಿಂದಾಗಿ ಒಂದು ರಾತ್ರಿ ಹೆದ್ದಾರಿ ಪಕ್ಕದಲ್ಲಿ ಬಾನೆಟ್ ಎತ್ತಿಟ್ಟು ಎರಡು ಗಂಟೆ ನಿಂತಿದ್ದೆ.

ಆ ಸಂಗತಿ ಹಿಂದೊಮ್ಮೆ ಹೇಳಿದಾಗ ನಿಮ್ಮಲ್ಲಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ಮುಂದೆ ಹೋಗುವ ಲಾರಿ ಕಲ್ಲು ಎಸೆದರೆ ರೇಡಿಯೇಟರ್ ಉಳಿಸಿಕೊಳ್ಳುವುದು ಹೇಗೆ? ತೂತಾದರೆ ರಿಪೇರಿ ಆಗುತ್ತಾ, ಹೊಸದೇ ಬೇಕಾ? ಉತ್ತರ ಹುಡುಕಲು ಕೂತೆ. ಆದರೆ ಪ್ರಶ್ನೆಯ ಮೊದಲ ಅರ್ಧದಲ್ಲೇ ನಿಂತುಬಿಟ್ಟೆ. ಲಾರಿ ನಿಜವಾಗಿ ಕಲ್ಲು ಎಸೆಯುತ್ತದಾ?

ಅದಕ್ಕೆ ಬರುತ್ತೇನೆ, ಮೊದಲು ಬೇಗ ಬೇಗ ಒಂದೆರಡು ಮಾತು. ಎಂಜಿನ್ ಬಿಸಿಯನ್ನು ಕೂಲಂಟ್ ಹೊತ್ತು ತರುತ್ತದೆ, ಈ ಚಪ್ಪಟೆ ಟ್ಯೂಬುಗಳಲ್ಲಿ ಹರಿಯುತ್ತದೆ. ಟ್ಯೂಬುಗಳ ನಡುವೆ ಮಡಿಕೆ ಮಡಿಕೆಯಾಗಿ ಇರುವ ತಗಡು, ಅದೇ ಫಿನ್, ಆ ಬಿಸಿಯನ್ನು ಗಾಳಿಗೆ ಬಿಡುತ್ತದೆ. ಅಷ್ಟೇ. ಬಿಸಿ ಬೇಗ ದಾಟಬೇಕು, ತೂಕವೂ ಕಡಿಮೆ ಇರಬೇಕು ಅಂತ ಎಲ್ಲವನ್ನೂ ತೆಳ್ಳಗೆ ಮಾಡಿರುತ್ತಾರೆ. ಈಗಿನ ಅಲ್ಯೂಮಿನಿಯಂ ರೇಡಿಯೇಟರಿನಲ್ಲಿ ಟ್ಯೂಬಿನ ಗೋಡೆ ಸಾಮಾನ್ಯವಾಗಿ 0.2ರಿಂದ 0.3 ಮಿಲಿಮೀಟರ್ ದಪ್ಪ. ತಂಪು ಪಾನೀಯದ ಡಬ್ಬಿಯ ಗೋಡೆ ಸುಮಾರು 0.1 ಮಿಲಿಮೀಟರ್ ಇರುತ್ತದೆ. ಅಂದರೆ ಎರಡು ಮೂರು ಡಬ್ಬಿ ಗೋಡೆ ಒಂದರ ಮೇಲೊಂದು ಇಟ್ಟಷ್ಟು. ನಿಮ್ಮ ಎಂಜಿನ್ನಿಗೂ ರಸ್ತೆಯ ಕಲ್ಲಿಗೂ ನಡುವೆ ಇರುವ ಗೋಡೆ ಇಷ್ಟೇ.

ಈಗ ಲಾರಿಗೆ ಬರೋಣ.

(ಸೈಕಲ್ ಚಕ್ರ. ಟೈರಿನ ಮೇಲೆ ಸುಣ್ಣದ ಚುಕ್ಕೆ. ನಿಧಾನಗತಿ ದೃಶ್ಯ.)

ಈ ಸುಣ್ಣದ ಚುಕ್ಕೆಯ ಮೇಲೇ ಕಣ್ಣಿಡಿ. ಚಕ್ರ ಎಡದಿಂದ ಬಲಕ್ಕೆ ಉರುಳುತ್ತಿದೆ. ಚುಕ್ಕೆ ಕೆಳಗೆ ಬಂತು, ನೆಲ ಮುಟ್ಟಿತು. ಈಗ ನಿಲ್ಲಿಸುತ್ತೇನೆ. ಆ ಕ್ಷಣದಲ್ಲಿ ಚುಕ್ಕೆಯ ವೇಗ ಎಷ್ಟು ಗೊತ್ತಾ? ಸೊನ್ನೆ. ಚಕ್ರ ಜಾರದೆ ಉರುಳುತ್ತಿದ್ದರೆ ನೆಲ ಮುಟ್ಟಿರುವ ಭಾಗ ಆ ಒಂದು ಗಳಿಗೆ ನೆಲದ ಮೇಲೆ ಸುಮ್ಮನೆ ನಿಂತಿರುತ್ತದೆ. ಲಾರಿ 80 ಕಿಲೋಮೀಟರ್ ವೇಗದಲ್ಲಿದ್ದರೂ ಅಷ್ಟೇ. ಮುಂದಿನ ಚಿತ್ರ ನೋಡಿ. ಚುಕ್ಕೆ ನೆಲ ಬಿಟ್ಟಿತು, ಹೆಚ್ಚುಕಡಿಮೆ ನೇರ ಮೇಲಕ್ಕೆ ಏಳುತ್ತಿದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ವಾಲುತ್ತದೆ. ಒಂದು ಸಲವೂ ಹಿಂದಕ್ಕೆ ಹೋಗಲಿಲ್ಲ!

ಇದನ್ನು ನಾನು ಹತ್ತಾರು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದೇನೆ. ನಂಬಲು ಅಷ್ಟು ಕಷ್ಟ. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಈ ಚುಕ್ಕೆಯ ಹಾಗೇ ಚಲಿಸುತ್ತದೆ. ನೆಲ ಬಿಟ್ಟ ತಕ್ಷಣ ಕಳಚಿಕೊಂಡರೆ ಮೇಲಕ್ಕೆ ಚಿಮ್ಮುತ್ತದೆ, ತುಸು ಮುಂದಕ್ಕೆ, ಅಂದರೆ ಲಾರಿ ಹೋಗುವ ಕಡೆಗೇ. ಟೈರಿನ ಅಂಚಿಗೆ ಸಿಕ್ಕಿ ಪಿಚಕ್ಕನೆ ಹಾರುವ ಕಲ್ಲು, ಚಕ್ರ ಜಾರಿ ಸುತ್ತುವಾಗ ಎಗರುವ ಕಲ್ಲು, ಇವುಗಳ ಲೆಕ್ಕ ಬೇರೆ. ಅವು ಯಾವ ದಿಕ್ಕಿಗಾದರೂ ಹೋಗಬಹುದು. ಆದರೆ ಟೈರಿನ ಸಂದಿಯಿಂದ ಕಳಚುವ ಕಲ್ಲು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದು ರಸ್ತೆಯ ಮೇಲೆ ಒಂದಾಳೆತ್ತರದಲ್ಲಿ ಏಳುತ್ತಾ ಬೀಳುತ್ತಾ ಇರುತ್ತದೆ, ನಾವು ಹೋಗಿ ಡಿಕ್ಕಿ ಹೊಡೆಯುತ್ತೇವೆ. ಕಲ್ಲಿಗೆ ವೇಗ ಕೊಡುವುದು ನಮ್ಮ ಆಕ್ಸಿಲರೇಟರ್.

ಎಷ್ಟು ಜೋರಾಗಿ ಬಡಿಯುತ್ತದೆ ಅಂತ ಲೆಕ್ಕ ಹಾಕೋಣ. ಮಕ್ಕಳು ಆಡುವ ಗಾಜಿನ ಗೋಲಿಯಷ್ಟು ಕಲ್ಲು, ತೂಕ ಸುಮಾರು 5 ಗ್ರಾಂ. ನಿಮ್ಮ ಕಾರು 100 ಕಿಲೋಮೀಟರ್ ವೇಗದಲ್ಲಿದ್ದರೆ ಆ ಪೆಟ್ಟು ಸುಮಾರು 39 ಮೀಟರ್ ಎತ್ತರದಿಂದ ಕಲ್ಲು ಬಿಟ್ಟಷ್ಟು. ಗಾಳಿಯ ತಡೆ ಲೆಕ್ಕಕ್ಕೆ ಹಿಡಿದಿಲ್ಲ. ಹದಿಮೂರು ಮಹಡಿ ಕಟ್ಟಡದ ತಾರಸಿಯಿಂದ ಯಾರೋ ಗುರಿಯಿಟ್ಟು ರೇಡಿಯೇಟರ್ ಮೇಲೆ ಬಿಟ್ಟ ಹಾಗೆ! 80ಕ್ಕೆ ಇಳಿಸಿ, 25 ಮೀಟರ್ ಆಯಿತು. 50ಕ್ಕೆ ಇಳಿಸಿ, ಬರೀ 10 ಮೀಟರ್. ವೇಗ ಅರ್ಧ ಮಾಡಿದರೆ ಪೆಟ್ಟು ಕಾಲು ಭಾಗಕ್ಕೆ ಇಳಿಯುತ್ತದೆ. ರಸ್ತೆ ಕೆಲಸ ನಡೆಯುವ ಕಡೆ, ಜಲ್ಲಿ ಚೆಲ್ಲಿರುವ ಕಡೆ ಬ್ರೇಕ್ ಮೇಲೆ ಕಾಲಿಡಿ ಅಂತ ಹೇಳುವುದು ಇದಕ್ಕೇ.

ಇನ್ನು ನನಗೆ ತುಂಬಾ ಇಷ್ಟವಾದ ಲೆಕ್ಕ. ಮೇಲೆ ಹೋದ ಕಲ್ಲು ಕೆಳಗೆ ಬರಲೇಬೇಕು, ಅಲ್ವಾ? ಒಂದೂವರೆ ಮೀಟರ್ ಎತ್ತರಕ್ಕೆ ಚಿಮ್ಮಿದ ಕಲ್ಲು ಏರಿ ಇಳಿಯಲು ತೆಗೆದುಕೊಳ್ಳುವುದು ಸುಮಾರು 1.1 ಸೆಕೆಂಡ್. ಪೂರ್ತಿ ಎರಡು ಸೆಕೆಂಡ್ ಗಾಳಿಯಲ್ಲಿ ಇರಬೇಕಾದರೆ ಅದು ಹತ್ತಿರ ಹತ್ತಿರ 5 ಮೀಟರ್ ಎತ್ತರ ಏರಬೇಕು. ಹಾಗಾಗಿ ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡ್ ಅಂತರ ಇದ್ದರೆ ಸಾಕು, ನೀವು ಅಲ್ಲಿಗೆ ಬರುವಷ್ಟರಲ್ಲಿ ಸಾಮಾನ್ಯ ಕಲ್ಲು ನೆಲ ಸೇರಿರುತ್ತದೆ. ಬಿದ್ದದ್ದು ಮತ್ತೆ ಪುಟಿಯುತ್ತದೆ, ನಿಜ. ಅದಕ್ಕೆ ಜಲ್ಲಿ ರಸ್ತೆಯಲ್ಲಿ ನಾನು ಮೂರು ಸೆಕೆಂಡ್ ಬಿಡುತ್ತೇನೆ. 80ರ ವೇಗದಲ್ಲಿ ಮೂರು ಸೆಕೆಂಡ್ ಅಂದರೆ 67 ಮೀಟರ್. ಲಾರಿ ಒಂದು ಕಂಬ ದಾಟಿದ ಕೂಡಲೇ ಎಣಿಸಲು ಶುರು ಮಾಡಿ, ನೀವು ಅದೇ ಕಂಬ ತಲುಪುವಾಗ ಎಣಿಕೆ ಮುಗಿದಿರಬೇಕು. ಇದಕ್ಕಿಂತ ಒಳ್ಳೆಯ ರೇಡಿಯೇಟರ್ ಗಾರ್ಡ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಾದರೆ ಜಾಲರಿ ಬೇಡವಾ? ಬೇಕು, ಗ್ರಿಲ್ ಕಿಂಡಿ ದೊಡ್ಡದಿದ್ದರೆ ಖಂಡಿತ ಬೇಕು. ಅದರಲ್ಲೂ ಬಂಪರ್ ಕೆಳಗಿನ ಕಿಂಡಿ. ಎಷ್ಟೋ ಕಾರುಗಳಲ್ಲಿ ಅದು ಬಾಯಿ ತೆರೆದುಕೊಂಡೇ ಇರುತ್ತದೆ, ಬಗ್ಗಿ ಟಾರ್ಚ್ ಹಿಡಿದರೆ ಫಿನ್ನುಗಳು ನೇರವಾಗಿ ಕಾಣುತ್ತವೆ. ಆದರೆ ಜಾಲರಿ ಅಂದರೆ ಗಾಳಿಗೆ ಅಡ್ಡ ನಿಲ್ಲಿಸಿದ ಬೇಲಿ ಅನ್ನುವುದು ನೆನಪಿರಲಿ. 1 ಮಿಲಿಮೀಟರ್ ತಂತಿ, 5 ಮಿಲಿಮೀಟರ್ ಕಣ್ಣು ಇರುವ ಜಾಲರಿಯಲ್ಲಿ ತೆರೆದ ಜಾಗ ನೂರಕ್ಕೆ 69 ಭಾಗ ಮಾತ್ರ. ಅದೇ ತಂತಿ 0.6, ಕಣ್ಣು 6 ಮಿಲಿಮೀಟರ್ ಆದರೆ 82ಕ್ಕೂ ಜಾಸ್ತಿ. ತಂತಿ ಸಣ್ಣಗೆ, ಗಟ್ಟಿಯಾಗಿ ಇರಬೇಕು. ಸೊಳ್ಳೆ ಪರದೆ ಮಾತ್ರ ಬೇಡವೇ ಬೇಡ. ಹುಳ, ಧೂಳು, ಕೆಸರು ಕೂತು ಅದು ಮುಚ್ಚಿಹೋದರೆ ಕಲ್ಲಿಲ್ಲದೆಯೇ ಎಂಜಿನ್ ಕಾಯುತ್ತದೆ.

ಜಾಲರಿಯನ್ನು ರೇಡಿಯೇಟರಿಗೆ ಒತ್ತಿ ಕಟ್ಟಬೇಡಿ. ನನ್ನ ಕಾರಿಗೆ ಮೊದಲ ಸಲ ಹಾಗೇ ಕಟ್ಟಿದ್ದರು. ಕಲ್ಲು ಬಿದ್ದಾಗ ಜಾಲರಿ ಬಗ್ಗಿ ಅದೇ ಫಿನ್ನಿಗೆ ಚುಚ್ಚಿತ್ತು, ಜೊತೆಗೆ ಗಾಡಿ ಅಲುಗುವಾಗೆಲ್ಲ ತಂತಿ ಉಜ್ಜಿ ಉಜ್ಜಿ ಟ್ಯೂಬಿನ ಮೇಲೆ ಬೆಳ್ಳನೆಯ ಗೀರು ಬಿದ್ದಿತ್ತು. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ, ಮೇಲೆ ನೀರು ಬಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಗ್ರಿಲ್ ಹಿಂಭಾಗಕ್ಕೆ ಕಟ್ಟಿ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ಜಾಗವಾದರೂ ಬಿಡಿ. ಮತ್ತೆ ಇನ್ನೊಂದು ಮಾತು. ಮುಂದಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ಕಾರು ನಿಮ್ಮದಾಗಿದ್ದರೆ, ಗ್ರಿಲ್ ಅಥವಾ ಬಂಪರ್ ಹಿಂದೆ ರಾಡಾರ್ ಇರಬಹುದು. ಅದರ ಮುಂದೆ ಲೋಹದ ಜಾಲರಿ ಬಂದರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ.

ಸರಿ, ಇಷ್ಟೆಲ್ಲ ಮಾಡಿದರೂ ಕಲ್ಲು ಬಿತ್ತು ಅಂತಿಟ್ಟುಕೊಳ್ಳಿ. ತೂತು ಯಾವುದಕ್ಕೆ ಆಗಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಹೆಚ್ಚಿನ ಕಾರುಗಳಲ್ಲಿ ಮುಂದೆ ಕಾಣುವುದು ರೇಡಿಯೇಟರ್ ಅಲ್ಲ, ಎಸಿಯ ಕಂಡೆನ್ಸರ್, ಅಂದರೆ ಎಸಿಯ ಬಿಸಿಯನ್ನು ಹೊರಗೆ ಬಿಡುವ ಭಾಗ. ರೇಡಿಯೇಟರ್ ಅದರ ಹಿಂದೆ ಇರುತ್ತದೆ. ಎಸಿ ತಣ್ಣಗಾಗುವುದು ನಿಂತು, ಕಂಡೆನ್ಸರ್ ಮೇಲೆ ಎಣ್ಣೆ ಜಿಡ್ಡಿನ ಕಲೆ ಕಂಡರೆ ಪೆಟ್ಟು ಬಿದ್ದದ್ದು ಅದಕ್ಕೆ. ಕೂಲಂಟ್ ಇಳಿಯುತ್ತಿದ್ದರೆ, ಸಿಹಿ ಸಿಹಿ ವಾಸನೆ ಬಂದರೆ, ರೇಡಿಯೇಟರಿಗೆ.

ಬಿಸಿಯಾದ ರೇಡಿಯೇಟರ್ ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತದೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಎರಡರಷ್ಟು. ಆ ಒತ್ತಡದಲ್ಲಿ ಬರೀ ನೀರೂ 100ರ ಬದಲು 120 ಡಿಗ್ರಿಗೆ ಕುದಿಯುತ್ತದೆ. ತೂತಾದರೆ ಕೂಲಂಟಿನ ಜೊತೆ ಒತ್ತಡವೂ ಹೋಗುತ್ತದೆ, ಇದ್ದಷ್ಟು ಕೂಲಂಟ್ ಬೇಗ ಕುದಿಯಲು ಶುರುವಾಗುತ್ತದೆ. ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಕೂಲಂಟ್ ಸೆನ್ಸರಿಗಿಂತ ಕೆಳಗೆ ಇಳಿದರೆ ಮುಳ್ಳು ಏರುವುದರ ಬದಲು ಇಳಿದು ಮೋಸ ಮಾಡುತ್ತದೆ. ನನಗೆ ಆ ರಾತ್ರಿ ಆಗಿದ್ದೂ ಅದೇ. ಮುಳ್ಳು ಕೆಳಗೆ ಬಂತು, ಸದ್ಯ ಸರಿಹೋಯಿತು ಅಂದುಕೊಂಡೆ, ಅಷ್ಟರಲ್ಲಿ ಬಾನೆಟ್ ಸಂದಿಯಿಂದ ಆವಿ. ಆಗ ಎಂಜಿನ್ ಆಫ್ ಮಾಡಿ, ಕಾಯಿರಿ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಬಿಸಿ ಇರುವಾಗ ತೆರೆದರೆ ಕುದಿಯುವ ಕೂಲಂಟ್ ಮುಖಕ್ಕೇ ಎರಚುತ್ತದೆ.

ಈಗ ರಿಪೇರಿ.

(ಮತ್ತೆ ರೇಡಿಯೇಟರ್. ಇಕ್ಕಳ, ಮರಳು ಕಾಗದ.)

ಫಿನ್ ಮಾತ್ರ ಬಗ್ಗಿದ್ದರೆ ಅದು ಸೋರಿಕೆ ಅಲ್ಲ, ಹೆದರಬೇಡಿ. ಫಿನ್ ಬಾಚಣಿಗೆ ಅಂತಲೇ ಸಿಗುತ್ತದೆ, ಮೆಲ್ಲಗೆ ಬಾಚಿ ನೆಟ್ಟಗೆ ಮಾಡಿ. ಟ್ಯೂಬು ತೂತಾಗಿದ್ದರೆ ಎಪಾಕ್ಸಿ, ಅಂದರೆ ಒಣಗಿ ಗಟ್ಟಿಯಾಗುವ ಅಂಟು, ಹಾಕಬಹುದು. ಕೂಲಂಟನ್ನು ತೂತಿನ ಮಟ್ಟಕ್ಕಿಂತ ಕೆಳಗೆ ಇಳಿಸಿ, ಸುತ್ತಲಿನ ಫಿನ್ನನ್ನು ಇಕ್ಕಳದಲ್ಲಿ ಚಿವುಟಿ ತೆಗೆದು, ಟ್ಯೂಬನ್ನು ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ. ಒಳಗಿನ ಒತ್ತಡಕ್ಕೆ ಕಿತ್ತುಹೋಗಲ್ವಾ ಅಂತ ಕೇಳುತ್ತೀರಿ. ಒಂದು ಚದರ ಮಿಲಿಮೀಟರ್ ತೂತಿನ ಮೇಲೆ 1 ಬಾರ್ ಒತ್ತಡ ಹಾಕುವ ಬಲ 10 ಗ್ರಾಂ ತೂಕದಷ್ಟು, ಅಷ್ಟೇ! ಆದರೆ ಅಂಟು ಸರಿಯಾಗಿ ಹಿಡಿಯದೆ ಕೂಲಂಟ್ ಅದರ ಅಡಿಗೆ ನುಸುಳಿ ಒಂದು ಚದರ ಸೆಂಟಿಮೀಟರ್ ಹರಡಿತೋ, ಅದೇ ಬಲ 1 ಕಿಲೋ ಆಗುತ್ತದೆ. ಉಜ್ಜುವ ಕೆಲಸದಲ್ಲಿ ಸೋಮಾರಿತನ ಮಾಡಿದವರ ಅಂಟು ಏಳುವುದು ಹೀಗೆ.

ಟ್ಯೂಬು ಉದ್ದಕ್ಕೆ ಸೀಳಿದ್ದರೆ ಹಳೆಯ ಮೆಕ್ಯಾನಿಕ್‌ಗಳ ಒಂದು ಉಪಾಯ ಇದೆ. ಆ ಟ್ಯೂಬನ್ನು ಕತ್ತರಿಸಿ, ಎರಡೂ ತುದಿ ಮಡಚಿ, ಇಕ್ಕಳದಲ್ಲಿ ಒತ್ತಿ ಮುಚ್ಚಿಬಿಡುವುದು. ಐವತ್ತು ಟ್ಯೂಬಿನಲ್ಲಿ ಒಂದು ಹೋದರೆ ನೂರಕ್ಕೆ ಎರಡು ಭಾಗ ನಷ್ಟ, ಮನೆ ಸೇರಲು ಧಾರಾಳ ಸಾಕು. ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರ್ ಆದರೆ ಬೆಸುಗೆ ಹಾಕಿ ವರ್ಷಗಟ್ಟಲೆ ಓಡಿಸಬಹುದು. ಅಲ್ಯೂಮಿನಿಯಂನಲ್ಲಿ ಅದು ಸುಲಭವಲ್ಲ, ಮೇಲಿರುವ ಆಕ್ಸೈಡ್ ಪದರ ಬೆಸುಗೆಯನ್ನು ಅಂಟಲು ಬಿಡುವುದಿಲ್ಲ, ಜ್ವಾಲೆ ಜಾಸ್ತಿ ಕೊಟ್ಟರೆ ಪಕ್ಕದ ಜೋಡಣೆ ಕರಗಿ ಎರಡನೇ ತೂತಾಗುತ್ತದೆ.

ಸಮಯ ಆಗುತ್ತಿದೆ, ಉಳಿದದ್ದು ಓಡಿಸಿ ಹೇಳುತ್ತೇನೆ. ಸೋರಿಕೆ ನಿಲ್ಲಿಸುವ ಪುಡಿ, ದ್ರವ ಎಲ್ಲ ದಾರಿಯಲ್ಲಿ ಸಿಕ್ಕಿಬಿದ್ದಾಗ ಮಾತ್ರ, ಅವು ಹೀಟರಿನ ಸಣ್ಣ ಟ್ಯೂಬುಗಳನ್ನೂ ಮುಚ್ಚಬಹುದು. ಕಂಡೆನ್ಸರ್ ತೂತಾದರೆ ಅಂಟು ಗಿಂಟು ಬೇಡ, ಅಲ್ಲಿನ ಒತ್ತಡ ರೇಡಿಯೇಟರಿನ ಹತ್ತು ಪಟ್ಟಿಗೂ ಜಾಸ್ತಿ, ಬದಲಾಯಿಸಿಯೇಬಿಡಿ. ಎರಡು ಮೂರು ಟ್ಯೂಬು ಹೋಗಿದ್ದರೆ ಅಥವಾ ಫಿನ್ನುಗಳು ಮುಟ್ಟಿದರೆ ಪುಡಿಯಾಗುತ್ತಿದ್ದರೆ ರೇಡಿಯೇಟರ್ ಕೂಡ ಹೊಸದೇ ಹಾಕಿಸಿ. ತೊಳೆಯುವಾಗ ಜೋರು ಒತ್ತಡದ ನೀರು ಹತ್ತಿರದಿಂದ ಬಿಡಬೇಡಿ, ಫಿನ್ ಮಲಗಿಬಿಡುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಡಿಸ್ಟಿಲ್ಡ್ ನೀರಿನ ಜೊತೆ ಬೆರೆಸಿ ಹಾಕಿ, ಒಳಗಿನ ಗಾಳಿ ಪೂರ್ತಿ ತೆಗೆಸಿ. ಇಳಿಸಿದ ಹಳೆ ಕೂಲಂಟನ್ನು ತೆರೆದ ಪಾತ್ರೆಯಲ್ಲಿ ಬಿಡಬೇಡಿ. ಅದು ಸಿಹಿ ವಿಷ, ನಾಯಿ ಬೆಕ್ಕು ನೆಕ್ಕಿದರೆ ಜೀವ ಹೋಗುತ್ತದೆ.

ಎಪಾಕ್ಸಿ ಹಚ್ಚಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಿ, ಸಾಮಾನ್ಯವಾಗಿ ಒಂದು ದಿನ. ಆಮೇಲೆ ಒಂದು ವಾರ, ರಾತ್ರಿ ಗಾಡಿ ನಿಲ್ಲಿಸುವಾಗ ರೇಡಿಯೇಟರ್ ಕೆಳಗೆ ಒಂದು ಒಣ ರಟ್ಟು ಹಾಸಿಡಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ಅದನ್ನು ಎಳೆದು ನೋಡಿ. ಒಂದೇ ಒಂದು ಹಸಿರು ಹನಿ ಬಿದ್ದಿದ್ದರೂ ಎಪಾಕ್ಸಿ ಕೆರೆದು ತೆಗೆದು, ಮರಳು ಕಾಗದದಿಂದ ಮತ್ತೆ ಶುರು ಮಾಡಿ.