ಮಾತ್ರೆ ಮನೆ ತಲುಪಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಸ್ಪೆಷಾಲಿಟಿ ಫಾರ್ಮಸಿ ಎಂಬ ಬೇರೆಯೇ ಬಗೆಯ ಔಷಧಾಲಯಗಳಿವೆ. ನೆಗಡಿಗೋ ತಲೆನೋವಿಗೋ ಮಾತ್ರೆ ಬೇಕಾದವರು ಅಲ್ಲಿಗೆ ಹೋಗುವುದಿಲ್ಲ. ಕ್ಯಾನ್ಸರ್, ಹೆಪಟೈಟಿಸ್ ಸಿ, ಸಂಧಿವಾತ ಮೊದಲಾದ ಕಾಯಿಲೆಗಳಿಗೆ ಬೇಕಾಗುವ, ಬಹಳ ದುಬಾರಿಯಾದ, ಕೆಲವೊಮ್ಮೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಸಾಗಿಸಬೇಕಾದ ಔಷಧಗಳನ್ನು ಇವು ರೋಗಿಯ ಮನೆಗೇ ಕಳುಹಿಸಿಕೊಡುತ್ತವೆ. ದುಬಾರಿ ಎಂದರೆ ಎಷ್ಟು? 2013ರ ಡಿಸೆಂಬರಿನಲ್ಲಿ ಅಲ್ಲಿ ಅನುಮೋದನೆ ಪಡೆದ ಸೊಫೊಸ್ಬುವಿರ್ ಎಂಬ ಹೆಪಟೈಟಿಸ್ ಸಿ ಔಷಧದ ಒಂದೊಂದು ಮಾತ್ರೆಗೂ 1,000 ಡಾಲರ್ ಬೆಲೆಯಿತ್ತು. 12 ವಾರಗಳ ಚಿಕಿತ್ಸೆಗೆ 84,000 ಡಾಲರ್. ಇಷ್ಟು ಹಣ ತೆರುವ ವಿಮಾ ಕಂಪನಿಯು ಮಾತ್ರೆ ತಲುಪಿತೇ ಎಂದು ವಿಚಾರಿಸಿ ಸುಮ್ಮನಾಗುವುದಿಲ್ಲ, ಅದರಿಂದ ರೋಗಿಗೆ ಏನಾಯಿತು ಎಂದೂ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದೂ ಈ ಔಷಧಾಲಯಗಳ ಕೆಲಸದ ಒಂದು ಭಾಗವಾಗಿದೆ.

ಹೆಪಟೈಟಿಸ್ ಸಿ ವಿಷಯದಲ್ಲಿ ಉತ್ತರ ಸುಲಭ. ಮಾತ್ರೆ ಮುಗಿದು 12 ವಾರಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿದಾಗ ವೈರಾಣು ಕಾಣದಿದ್ದರೆ ರೋಗ ವಾಸಿಯಾದಂತೆಯೇ ಲೆಕ್ಕ. ಕಷ್ಟವಿರುವುದು ವರ್ಷಗಟ್ಟಲೆ ಔಷಧ ನುಂಗಬೇಕಾದ ಕಾಯಿಲೆಗಳಲ್ಲಿ. ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಅಂತಹದು. ಅದಕ್ಕೆ ಕೊಡುವ ಇಮಾಟಿನಿಬ್ 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಈ ಔಷಧದ ಒಂದು ಹರಳು ರೂಪಕ್ಕೆ ಪೇಟೆಂಟ್ ಕೊಡಲಾಗದು ಎಂದು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪಿತ್ತದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಾರಕವೆನಿಸಿದ್ದ ಕಾಯಿಲೆಯನ್ನು ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿಡುವುದು ಇದರಿಂದ ಸಾಧ್ಯವಾಯಿತು. ಆದರೆ ಆ ಮಾತ್ರೆಯನ್ನು ದಿನವೂ ನುಂಗಬೇಕು.

ನುಂಗಿದರೋ ಇಲ್ಲವೋ ಎಂಬುದನ್ನು ಔಷಧಾಲಯ ತನ್ನ ಮಾರಾಟದ ದಾಖಲೆಯಿಂದ ಅಂದಾಜು ಮಾಡುತ್ತದೆ. ಆರು ತಿಂಗಳ, ಅಂದರೆ 180 ದಿನಗಳ ಅವಧಿಯಲ್ಲಿ ರೋಗಿಯೊಬ್ಬರು 30 ಮಾತ್ರೆಗಳ ಬಾಟಲಿಯನ್ನು ಐದು ಬಾರಿ ಮಾತ್ರ ಪಡೆದಿದ್ದರೆ, ಅವರ ಕೈಯಲ್ಲಿ ಔಷಧವಿದ್ದದ್ದು 150 ದಿನ, ಶೇಕಡ 83. ಈ ಲೆಕ್ಕದಲ್ಲಿ ಶೇಕಡ 80 ದಾಟಿದವರನ್ನು ಔಷಧವನ್ನು ಸರಿಯಾಗಿ ತೆಗೆದುಕೊಳ್ಳುವವರ ಪಟ್ಟಿಗೆ ಸೇರಿಸುವುದು ವಾಡಿಕೆ. ನಮ್ಮ ರೋಗಿಯೂ ಪಾಸಾದರು.

ಹೀಗೆ ಪಾಸಾಗುವುದರಲ್ಲಿ ಎಷ್ಟು ಅರ್ಥವಿದೆ ಎಂಬುದನ್ನು 2010ರಲ್ಲಿ ಪ್ರಕಟವಾದ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಅಧ್ಯಯನವೊಂದು ತೋರಿಸಿಕೊಟ್ಟಿತು. ಅಲ್ಲಿ ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ರೋಗಿಗಳಿಗೆ, ಪ್ರತಿ ಬಾರಿ ತೆರೆದಾಗಲೂ ಆ ಹೊತ್ತನ್ನು ದಾಖಲಿಸಿಕೊಳ್ಳುವ ಚಿಪ್ ಅಡಗಿಸಿದ್ದ ಮುಚ್ಚಳದ ಬಾಟಲಿಗಳನ್ನು ಕೊಟ್ಟು ಮೂರು ತಿಂಗಳು ಗಮನಿಸಿದರು. ಶೇಕಡ 90ಕ್ಕಿಂತ ಹೆಚ್ಚು ಡೋಸ್‌ಗಳನ್ನು ತೆಗೆದುಕೊಂಡವರಲ್ಲಿ, ಆರು ವರ್ಷಗಳಲ್ಲಿ ರೋಗದ ಅಂಶ ವೈದ್ಯರು ಬಯಸುವ ಕೆಳಮಟ್ಟಕ್ಕೆ ಇಳಿಯುವ ಸಂಭವ ಶೇಕಡ 94.5 ಇತ್ತು, ಶೇಕಡ 90 ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಅದು ಬರೀ ಶೇಕಡ 28.4. ಶೇಕಡ 80ಕ್ಕಿಂತ ಮೇಲೇರದವರಲ್ಲಿ ಒಬ್ಬರಿಗೂ ಆ ಫಲ ಸಿಗಲಿಲ್ಲ. ಹಾಗಾದರೆ ಈಗ ತಾನೇ ಪಾಸು ಮಾಡಿದ ನಮ್ಮ ಶೇಕಡ 83ರ ರೋಗಿ ನಿಜಕ್ಕೂ ಅಪಾಯದಲ್ಲಿದ್ದಾರೆ. ಎಲ್ಲ ಕಾಯಿಲೆಗೂ ಒಂದೇ ಗೆರೆ ಎಳೆಯುವುದು ವರದಿ ಬರೆಯುವವರಿಗೆ ಅನುಕೂಲವೇ ಹೊರತು ರೋಗಿಗಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಒಳ್ಳೆಯ ಔಷಧಾಲಯಗಳು ಮುಂದಿನ ತಿಂಗಳ ಬಾಟಲಿ ಕಳುಹಿಸುವ ಮೊದಲು ರೋಗಿಗೆ ಫೋನ್ ಮಾಡುತ್ತವೆ. ಬಾಟಲಿಯಲ್ಲಿ ಎಷ್ಟು ಮಾತ್ರೆ ಉಳಿದಿವೆ, ಎಣಿಸಿ ಹೇಳಿ ಎನ್ನುತ್ತಾರೆ. ನಾಲ್ಕು ಉಳಿಯಬೇಕಾದಲ್ಲಿ ಒಂಬತ್ತು ಉಳಿದಿದ್ದರೆ ಬೈಯುವುದಿಲ್ಲ. ಯಾವ ದಿನ ಬಿಟ್ಟುಹೋಯಿತು, ಏಕೆ ಎಂದು ವಿಚಾರಿಸುತ್ತಾರೆ. ವಾಕರಿಕೆ ಎಂದು ಉತ್ತರ ಬಂದರೆ, ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದೀರಾ ಎಂಬುದು ಮುಂದಿನ ಪ್ರಶ್ನೆ, ಏಕೆಂದರೆ ಇಮಾಟಿನಿಬ್ ಅನ್ನು ಊಟದ ಜೊತೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಕಣ್ಣಿನ ಸುತ್ತ ಊತ, ಕಾಲಿನ ಸ್ನಾಯು ಸೆಳೆತ ಇವೂ ಈ ಔಷಧದಿಂದ ಬರುತ್ತವೆ. ರೋಗಿಗಳು ಅದನ್ನು ಡಾಕ್ಟರರ ಮುಂದೆ ಹೇಳಿಕೊಳ್ಳದೆ ತಾವೇ ಮಾತ್ರೆ ಬಿಡುವುದುಂಟು. ಇನ್ನು ಕೆಲವರಲ್ಲಿ ಕಾರಣ ಹಣ: ವಿಮೆಯ ಪೂರ್ವಾನುಮತಿಯ ಅವಧಿ ಮುಗಿದಿರುತ್ತದೆ, ಇಲ್ಲವೇ ತಮ್ಮ ಪಾಲಿನ ಹಣ ಕಟ್ಟಲಾಗದೆ ಬಾಟಲಿ ತರಿಸಿಕೊಂಡಿರುವುದಿಲ್ಲ. ಈ ಕಾರಣಗಳನ್ನೆಲ್ಲ ದಾಖಲಿಸಿ, ಮೂರು ತಿಂಗಳಿಗೊಮ್ಮೆ ಬರುವ ರಕ್ತ ಪರೀಕ್ಷೆಯ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿದಾಗಲೇ ಮಾರಾಟದ ಲೆಕ್ಕಕ್ಕೆ ಜೀವ ಬರುವುದು. ಆಸ್ಪತ್ರೆಯದೇ ಔಷಧಾಲಯವಾದರೆ ಈ ಫಲಿತಾಂಶ ಕೈಗೆಟುಕುವಲ್ಲೇ ಇರುತ್ತದೆ. ದೂರದ ಊರಿನಿಂದ ಅಂಚೆಯಲ್ಲಿ ಕಳುಹಿಸುವ ಕಂಪನಿಗೆ ಅದನ್ನು ಕೇಳಿ ಪಡೆಯುವುದೇ ಒಂದು ಕೆಲಸ.

ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮಿಂದ ಔಷಧ ಪಡೆದವರು ಚೆನ್ನಾಗಿದ್ದಾರೆ, ಆದ್ದರಿಂದ ನಮ್ಮ ಸೇವೆ ಚೆನ್ನಾಗಿದೆ ಎಂಬ ವಾದ ಕೇಳಲು ಹಿತವಾಗಿರುತ್ತದೆ. 1980ರಲ್ಲಿ ಪ್ರಕಟವಾದ, ಹೃದಯಾಘಾತವಾದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ವರದಿಯಲ್ಲಿ, ಔಷಧವೇ ಇಲ್ಲದ ಹುಸಿ ಮಾತ್ರೆಯನ್ನು ಕ್ರಮವಾಗಿ ನುಂಗಿದವರಲ್ಲಿ ಐದು ವರ್ಷಗಳಲ್ಲಿ ಸುಮಾರು ಶೇಕಡ 15 ಮಂದಿ ತೀರಿಕೊಂಡಿದ್ದರೆ, ಅದೇ ಹುಸಿ ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದವರಲ್ಲಿ ಸುಮಾರು ಶೇಕಡ 28 ಮಂದಿ ತೀರಿಕೊಂಡಿದ್ದರು. ಮಾತ್ರೆಯಲ್ಲಿ ಏನೂ ಇರಲಿಲ್ಲ. ಕ್ರಮವಾಗಿ ನುಂಗುವವರು ಬೇರೆ ವಿಷಯಗಳಲ್ಲೂ ಕ್ರಮವಾಗಿರುತ್ತಾರೆ, ಆರೋಗ್ಯ ಕೆಟ್ಟವರು ನುಂಗುವುದನ್ನೇ ಬಿಡುತ್ತಾರೆ. ಹ್ಯಾಮರ್‌ಸ್ಮಿತ್ ಅಂಕಿಗಳನ್ನೂ ಈ ಅನುಮಾನ ಇಟ್ಟುಕೊಂಡೇ ಓದಬೇಕು. ಈ ತೊಡಕಿನಿಂದ ಪಾರಾಗಲು ಟೆನೆಸ್ಸೀ ರಾಜ್ಯದ ವಾಂಡರ್‌ಬಿಲ್ಟ್ ವೈದ್ಯಕೀಯ ಕೇಂದ್ರದ ಔಷಧಾಲಯದವರು, ಔಷಧ ಬಿಟ್ಟು ಬಿಟ್ಟು ತೆಗೆದುಕೊಳ್ಳುತ್ತಿದ್ದವರನ್ನೇ ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಸೇವೆಯನ್ನೂ ಇನ್ನೊಂದಕ್ಕೆ ಅವರವರ ಕಾರಣಕ್ಕೆ ತಕ್ಕ ನೆರವನ್ನೂ ಕೊಟ್ಟರು. ನೆರವು ಪಡೆದ ಗುಂಪು ಔಷಧ ತೆಗೆದುಕೊಳ್ಳುವುದರಲ್ಲಿ ಸುಧಾರಿಸಿತು. ಅಳೆದದ್ದು ಮಾತ್ರ ಮತ್ತೆ ಔಷಧ ಕೈಯಲ್ಲಿದ್ದ ದಿನಗಳನ್ನೇ.

ಔಷಧ ಮಾರಿದಷ್ಟೂ ಔಷಧಾಲಯಕ್ಕೆ ಲಾಭವಿರುವುದರಿಂದ ಈ ಅಳತೆಯ ಇನ್ನೊಂದು ಮುಖವನ್ನೂ ಹೇಳಬೇಕು. ಎರಡು ವರ್ಷಕ್ಕೂ ಹೆಚ್ಚು ಕಾಲ ರೋಗದ ಸುಳಿವೇ ಕಾಣದಿದ್ದ ನೂರು ರೋಗಿಗಳಿಗೆ ಫ್ರಾನ್ಸಿನ ವೈದ್ಯರು ಇಮಾಟಿನಿಬ್ ನಿಲ್ಲಿಸಿ ನೋಡಿ, ಮೊದಲ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡ 40ರಷ್ಟು ಮಂದಿಗೆ ರೋಗ ಮರಳಲಿಲ್ಲ. ಮರಳಿದವರಿಗೆ ಮತ್ತೆ ಮಾತ್ರೆ ಕೊಟ್ಟಾಗ ಹೆಚ್ಚಿನವರಲ್ಲಿ ಅದು ಹತೋಟಿಗೆ ಬಂತು. ಈಗ ಇಂತಹ ನಿಲುಗಡೆ, ವೈದ್ಯರ ನಿಗಾದಲ್ಲಿ, ಚಿಕಿತ್ಸೆಯ ಒಂದು ಗುರಿಯೇ ಆಗಿದೆ. ಆದರೆ ಮಾರಾಟದ ದಾಖಲೆಯಲ್ಲಿ ಈ ರೋಗಿಯೂ, ಹಣವಿಲ್ಲದೆ ಮಾತ್ರೆ ಬಿಟ್ಟ ರೋಗಿಯೂ ಒಂದೇ ರೀತಿ ಕಾಣುತ್ತಾರೆ. ಡಾಕ್ಟರರೇ ನಿಲ್ಲಿಸಿದರು ಎಂಬ ಒಂದು ಸಾಲನ್ನು ಫಾರ್ಮಸಿಸ್ಟ್ ಕೇಳಿ ತಿಳಿದು ಬರೆದುಕೊಂಡಿದ್ದರೆ ಮಾತ್ರ ಅವರಿಬ್ಬರನ್ನು ಬೇರೆ ಬೇರೆ ಎಣಿಸಲು ಸಾಧ್ಯ.

ನಮಸ್ಕಾರ.