ಒಂದು ದಾರ, ಒಂದು ಕಲ್ಲು

ಕೇಳುಗರಿಗೆ ನಮಸ್ಕಾರ. ಇವತ್ತು ಮೇಷ್ಟ್ರುಗಳ ಜೊತೆ ಸ್ವಲ್ಪ ಹರಟೆ.

ಒಂದು ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ. ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕಿ. ಮೊಳೆಯಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರಲಿ. ಮೆಲ್ಲಗೆ ಎಳೆದು ಬಿಡಿ. ಹೋಗಿ ಬಂದರೆ ಒಂದು ಲೆಕ್ಕ. ಹತ್ತು ಎಣಿಸುವಷ್ಟರಲ್ಲಿ 20 ಸೆಕೆಂಡ್ ಆಗಿರುತ್ತದೆ.

ಇದನ್ನೇ 10 ಸೆಕೆಂಡಿಗೆ ಇಳಿಸಬೇಕಾದರೆ ದಾರ ಎಷ್ಟುದ್ದ ಇರಬೇಕು? ನಮ್ಮ ಎಂಟನೇ ತರಗತಿ ಒಂದೇ ದನಿಯಲ್ಲಿ ‘ಅರ್ಧ ಮೀಟರ್ ಸಾರ್’ ಅಂದಿತು. ಹೌದು ಅನ್ನಿಸುತ್ತದೆ ಅಲ್ವಾ? ಒಬ್ಬ ಮಾತ್ರ ಕಲ್ಲು ದೊಡ್ಡದು ಮಾಡಿ ಅಂದ. ಅದನ್ನೂ ಮಾಡಿ ನೋಡಿದೆವು. ದಾರದ ಅಳತೆ ಸರಿ ಇಟ್ಟುಕೊಂಡರೆ ತೂಕದಿಂದ ಏನೂ ಬದಲಾಗುವುದಿಲ್ಲ. ಆಮೇಲೆ ದಾರವನ್ನು 50 ಸೆಂಟಿಮೀಟರಿಗೆ ಇಳಿಸಿದೆವು. 14 ಸೆಕೆಂಡ್ ಬಂತು. ‘ಎಣಿಸಿದ್ದೇ ತಪ್ಪು’ ಅಂತ ಹಿಂದಿನ ಬೆಂಚಿನಿಂದ ಗಲಾಟೆ. ಮತ್ತೆ ಎಣಿಸಿದರೂ 14. ಕೊನೆಗೆ 25 ಸೆಂಟಿಮೀಟರಿನಲ್ಲಿ 10 ಸಿಕ್ಕಿತು.

ಉದ್ದ ಕಾಲು ಭಾಗವಾದರೆ ಹೊತ್ತು ಅರ್ಧ. ಹಾಗಾದರೆ ಆ 14? 20ನ್ನು 14ರಿಂದ ಭಾಗಿಸಿ. 1.4ರ ಆಸುಪಾಸು. ಎರಡರ ವರ್ಗಮೂಲ! ಗಣಿತದ ಪುಸ್ತಕದಲ್ಲಿ ಸುಮ್ನೆ ಕೂತಿದ್ದ ಸಂಖ್ಯೆ ನಮ್ಮ ಬಾಗಿಲಲ್ಲಿ ತೂಗಾಡುತ್ತಿತ್ತು.

ಒಂದು ಮಾತು. ಒಂದೇ ಸಲದ ತೂಗಾಟ ಅಳೆದರೆ ಇದು ಸಿಗುವುದಿಲ್ಲ, ಗಡಿಯಾರದ ಗುಂಡಿ ಒತ್ತುವುದರಲ್ಲೇ ತಪ್ಪಾಗುತ್ತದೆ. ಜಾಸ್ತಿ ದೂರ ಎಳೆದು ಬಿಟ್ಟರೂ ಲೆಕ್ಕ ಕೆಡುತ್ತದೆ.

ಇನ್ನು ಪ್ರಶಸ್ತಿಯ ವಿಷಯ. ಶಿಕ್ಷಕರ ರಾಷ್ಟ್ರಪ್ರಶಸ್ತಿಯನ್ನು ಸೆಪ್ಟೆಂಬರ್ 5ರಂದು ಕೊಡುತ್ತಾರೆ. 2018ರಿಂದ ಮೇಷ್ಟ್ರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಒಳ್ಳೆಯದೇ. ಆದರೆ ನಮ್ಮನ್ನು ನಾವೇ ಹೊಗಳಿ ಬರೆಯಲು ನನ್ನಂಥವರಿಗೆ ಮುಜುಗರ. ಅರ್ಜಿಯ ಜೊತೆ ಇಡಲು ಪಾಠದ ನಡುವೆ ಫೋಟೊ ತೆಗೆಸಿಕೊಳ್ಳುವುದಂತೂ ನೆನಪೇ ಆಗುವುದಿಲ್ಲ. ಕಸದಿಂದ ಆಟಿಕೆ ಮಾಡುವ ಅರವಿಂದ ಗುಪ್ತ ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅವರ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ತ್ರಿಕೋನ ಅದಕ್ಕೆ ಎಷ್ಟೋ ಮೊದಲೇ ಶಾಲೆಗಳಿಗೆ ಬಂದಿತ್ತು. ನನಗೆ ಹಾಗೆ ಶಾಲೆಗಳಿಗೆ ತಲುಪುವ ಮನ್ನಣೆಯ ಮೇಲೇ ಆಸೆ.

ಸುತ್ತಮುತ್ತಲ ಶಾಲೆಗಳ ಮೇಷ್ಟ್ರುಗಳು ಸೇರುವ ನಮ್ಮ ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆಗಳೆಲ್ಲ ಮುಗಿದ ಮೇಲೆ ಹತ್ತು ನಿಮಿಷ ಕೇಳಿ ಪಡೆದೆ. ದಾರ ತೂಗಿ ತೋರಿಸಿದೆ. ವಾರದ ನಂತರ ಪಕ್ಕದ ಊರಿನ ಟೀಚರ್ ಫೋನ್ ಮಾಡಿದರು. ‘ನಮ್ಮಲ್ಲಿ 50 ಸೆಂಟಿಮೀಟರಿಗೆ 16 ಬರ್ತಿದೆ ಸಾರ್, ಯಾಕೆ?’ ವಿಚಾರಿಸಿದರೆ, ಕಲ್ಲಿನ ಬದಲು ನೀರು ತುಂಬಿದ ಬಾಟಲಿ ಕಟ್ಟಿದ್ದರು. ದಾರ ಅಳೆದದ್ದು ಬಾಟಲಿಯ ಕುತ್ತಿಗೆಯವರೆಗೆ. ಉತ್ತರ ಬಾಯಿಗೆ ಬಂದಿತ್ತು. ನುಂಗಿಕೊಂಡು, ‘ನಾಳೆ ಮಕ್ಕಳನ್ನೇ ಕೇಳಿ’ ಎಂದೆ.